ಹಾರ್ಸ್‌ಶೂ ಕಿಡ್ನಿ ಮತ್ತು ಅಟೆಂಡರ್ ಕಾಕಾ

ನಮ್ಮ ಮೆಡಿಕಲ್ ಕಾಲೇಜಿನ ಅನಾಟಮಿ (ದೇಹರಚನೆ) ಮ್ಯೂಸಿಯಂ ಅಂದ ಕೂಡಲೇ ನನ್ನ ಕಣ್ಣಿಗೆ ಕಟ್ಟುವುದು ಹಾರ್ಸ್‌ಶೂ ಕಿಡ್ನಿಯ ಜಾಡಿ. ಎರಡೂ ಕಿಡ್ನಿಗಳ ಕೆಳತುದಿ ಕೂಡಿ, ಕುದುರೆ ಲಾಳದ ಹಾಗೆ ಒಂದೇ ಆಗಿತ್ತು. ಗಾಜಿನ ಪಟ್ಟಿಗೆ ದಾರದಿಂದ ಬಿಗಿದಿದ್ದರು. ರಕ್ತನಾಳಗಳಿಗೆ ಕೆಂಪು ಬಣ್ಣ. ಕೂಡಿದ ಜಾಗದ ಮೇಲಂಚಿಗೆ ಸಣ್ಣದೊಂದು ನಾಳ ಅಡ್ಡ ಬಂದಿತ್ತು, ದೊಡ್ಡ ಕರುಳಿಗೆ ರಕ್ತ ಒಯ್ಯುವ ಇನ್ಫೀರಿಯರ್ ಮೆಸೆಂಟೆರಿಕ್ ಆರ್ಟರಿ. ತಾಯಿಯ ಹೊಟ್ಟೆಯಲ್ಲಿ ಮಗುವಿನ ಕಿಡ್ನಿಗಳು ಸೊಂಟದ ಕೆಳಗೆ ಹುಟ್ಟಿ, ನಿಧಾನಕ್ಕೆ ಮೇಲೇರುತ್ತವೆ. ಕೂಡಿಕೊಂಡ ಕಿಡ್ನಿ ಈ ಆರ್ಟರಿಗೆ ತಡೆದು ಅಲ್ಲೇ ನಿಲ್ಲುತ್ತದೆ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದು ಆ ಜಾಡಿಯ ಮುಂದೆ ನಿಂತಾಗ ತಲೆಗೆ ಹತ್ತಿತು.

ಸುಮಾರು 500 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ. ಮುಂದೆ ಒಬ್ಬ ರೈತರ ಸ್ಕ್ಯಾನಿನಲ್ಲಿ ಇದು ಕಂಡಾಗ ಅವರ ಮಗ ಗಾಬರಿಯಾಗಿದ್ದ. "ಆಪರೇಷನ್ ಮಾಡಬೇಕೇನ್ರಿ ಸಾಹೇಬ್ರ?" ಹುಟ್ಟಿನಿಂದಲೇ ಬಂದದ್ದು, ತೊಂದರೆ ಕೊಡದಿದ್ದರೆ ಏನೂ ಮಾಡಬೇಕಿಲ್ಲ ಅಂತ ಹಾಳೆಯ ಮೇಲೆ ಬರೆದು ತೋರಿಸಿದೆ. ಬರೆದದ್ದು ಅದೇ ಜಾಡಿಯ ಚಿತ್ರ.

ಜಾಡಿಗಳನ್ನು ಕಾಪಾಡಿದವರು ನಮ್ಮ ಅಟೆಂಡರ್ ಕಾಕಾ. ಅಂಗಗಳು ಕೊಳೆಯದಂತೆ ಜಾಡಿಗೆ ತುಂಬುವ ಫಾರ್ಮಲಿನ್ ಆರುತ್ತಾ ಹೋಗುತ್ತದೆ. ಮಟ್ಟ ಇಳಿದರೆ ಮೇಲೆ ತೆರೆದುಕೊಂಡ ಭಾಗ ಒಣಗಿ ಕಪ್ಪಾಗುತ್ತದೆ. ಕಾಕಾ ಒಂದೊಂದೇ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿ, ಕಡಿಮೆಯಾದಷ್ಟು ತುಂಬುತ್ತಿದ್ದರು. ಘಾಟಿಗೆ ನಮ್ಮ ಕಣ್ಣು ಉರಿಯುತ್ತಿತ್ತು, ಅವರು ಮಾತ್ರ ಕದಲುತ್ತಿರಲಿಲ್ಲ. ಒಮ್ಮೆ ಯಾರೋ ಜಾಡಿ ನೋಡಿ ನಕ್ಕಾಗ, "ತಮ್ಮಾ, ಅದರಾಗ ಇರಾವ್ರೂ ಮನುಷ್ಯಾರ" ಅಂದರು. ಎಲ್ಲರೂ ಗಪ್‌ಚಿಪ್.

ಹುಬ್ಬಳ್ಳಿಯ ನಮ್ಮ ಕರ್ನಾಟಕ ಮೆಡಿಕಲ್ ಕಾಲೇಜು (ಕೆಎಂಸಿ) ಶುರುವಾದದ್ದು 1957ರಲ್ಲಿ. ಆಮೇಲೆ ಕಿಮ್ಸ್ (ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್) ಆಯಿತು, ನಮ್ಮ ಬಾಯಲ್ಲಿ ಇನ್ನೂ ಕೆಎಂಸಿನೇ. ವಾರಸುದಾರರಿಲ್ಲದ ದೇಹಗಳನ್ನು ವೈದ್ಯಕೀಯ ಕಲಿಕೆಗೆ ಕೊಡುವ ನಮ್ಮ ರಾಜ್ಯದ ಅನಾಟಮಿ ಕಾಯ್ದೆಯೂ ಅದೇ 1957ರದ್ದು. ಬದುಕಿದ್ದಾಗ ಹೇಳೋರು ಕೇಳೋರು ಇಲ್ಲದ ಎಷ್ಟೋ ಜನರಿಂದ ಕಲಿತು ನಾವು ಡಾಕ್ಟರಾದೆವು. ಇದು ಸಣ್ಣ ಋಣ ಅಲ್ಲ. ಈಗ ಮನೆಯವರೇ ಮುಂದೆ ಬಂದು ದೇಹದಾನ ಮಾಡುತ್ತಾರೆ. ಅವರಿಗೆ ಕೈ ಮುಗಿಯಬೇಕು ಅನಿಸುತ್ತದೆ.

ಈಗಿನ ಹುಡುಗರಿಗೆ ಕಂಪ್ಯೂಟರ್ ಪರದೆಯ ಮೇಲೆ ದೇಹ ತಿರುಗಿಸಿ ನೋಡುವ ಅನುಕೂಲ ಇದೆ. ಒಳ್ಳೆಯದೇ. ಆದರೆ ಅಲ್ಲಿ ಕಾಣುವುದು ಹೆಚ್ಚಾಗಿ ಎಲ್ಲ ಸರಿ ಇರುವ ದೇಹ, ಅಲ್ವಾ? ನಮ್ಮ ಹತ್ತಿರ ಬರುವ ಪೇಷಂಟ್‌ಗಳು ಹಾಗಿರುವುದಿಲ್ಲ. ಸುಮ್ನೆ ಪರೀಕ್ಷೆಗಾಗಿ ಅಲ್ಲ, ಬಿಡುವಿದ್ದಾಗಲೂ ಮ್ಯೂಸಿಯಂಗೆ ಹೋಗಿ.

ಕಾಲೇಜಿಗೆ ನನ್ನದೊಂದು ಕೋರಿಕೆ. ಜಾಡಿಗಳಿಗೆ ಇಂಗ್ಲಿಷ್ ಚೀಟಿಯ ಪಕ್ಕ ಕನ್ನಡದ ಚೀಟಿಯನ್ನೂ ಅಂಟಿಸಿ. ಊರಿನ ಶಾಲಾ ಮಕ್ಕಳನ್ನೂ ಕರೆದು ತೋರಿಸಿ. ಚೀಟಿ ಬರೆದುಕೊಡಲು ನಾನು ಬರುತ್ತೇನೆ, ನನ್ನ ಬ್ಯಾಚಿನವರನ್ನೂ ಕರೆತರುತ್ತೇನೆ.