ಒಂದೇ ಹೆಸರಿನ ಎರಡು ಕಾರ್ಡು

ಮಡಿಕೇರಿ ಮಳೆಗೆ ಕರೆಂಟ್ ಹೋದರೆ ಅಣ್ಣನ ಮಗನ ಜೊತೆ ‘ಮ್ಯಾಜಿಕ್: ದ ಗ್ಯಾದರಿಂಗ್’ ಅನ್ನೋ ಕಾರ್ಡಿನ ಆಟ. ಅದರಲ್ಲಿ ಲೆಜೆಂಡರಿ ಅನ್ನೋ ವಿಶೇಷ ಕಾರ್ಡುಗಳಿಗೆ ಒಂದು ಕಟ್ಟಳೆ ಇದೆ. ಒಂದೇ ಹೆಸರಿನವು ಎರಡು ನಿಮ್ಮ ಹಿಡಿತದಲ್ಲಿ ಆಟಕ್ಕಿಳಿದರೆ, ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಗ್ರೇವ್‌ಯಾರ್ಡಿಗೆ, ಅಂದರೆ ಆಟದಿಂದ ಹೊರಬಿದ್ದ ಕಾರ್ಡುಗಳ ರಾಶಿಗೆ, ಹಾಕಲೇಬೇಕು. ನಾಶವಾಗದ ಶಕ್ತಿಯಿದ್ದರೂ ವಿನಾಯಿತಿ ಇಲ್ಲ. ಎದುರಾಳಿಯಿಂದ ವಶಮಾಡಿಕೊಂಡದ್ದೂ ಲೆಕ್ಕಕ್ಕೆ ಬರುತ್ತೆ. ಕಾರ್ಡು ಯಾರದ್ದು ಅನ್ನೋದಲ್ಲ, ಈಗ ಯಾರ ಹಿಡಿತದಲ್ಲಿದೆ ಅನ್ನೋದು ಮುಖ್ಯ.

2013ಕ್ಕೆ ಮೊದಲು ಎದುರಾಳಿಯೂ ಅದೇ ಹೆಸರಿನದ್ದನ್ನು ಇಳಿಸಿದರೆ ಎರಡೂ ಹೋಗುತ್ತಿದ್ದವು. ನನಗೆ ಆ ಹಳೇ ನಿಯಮವೇ ಮಜಾ. ಹುಡುಗ ಒಪ್ಪಲ್ಲ.

ಈ ಕಟ್ಟಳೆ ನಮ್ಮ ಕೊಡವ ಕುಟುಂಬದ ಮೂಲಮನೆ, ಐನ್‌ಮನೆಗೆ ಬಂದರೆ? ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಸೇರಿದಾಗ ಮೂವರು ಪೊನ್ನಪ್ಪಂದಿರು! ಮಿಲ್ಟ್ರಿ ಪೊನ್ನಪ್ಪ ಮಾವ ಅಂತೂ ಜಾಗ ಬಿಡೋ ಪೈಕಿ ಅಲ್ಲ.