ಕಣಕುಂಬಿ ದಾರಿಯ ಕಾಜು ಹಣ್ಣು

ನಮ್ಮ ಊರು ಪಟ್ಟದಕಲ್ಲಿನ ಆಚೆ, ಮಲಪ್ರಭೆಯ ದಂಡೆಯಲ್ಲಿದೆ. ಅವ್ವ ಆ ಹೊಳೆಯ ನೀರು ಹೊತ್ತೇ ಬಾಳ್ವೆ ಮಾಡಿದವಳು. "ಈ ಹೊಳಿ ಎಲ್ಲಿ ಹುಟ್ಟತೈತಿ, ಒಮ್ಮೆ ನೋಡಿ ಬರೋಣು" ಅಂತ ಎಷ್ಟೋ ವರ್ಷದಿಂದ ಅನ್ನುತ್ತಿದ್ದಳು. ಬೆಳಗಾವಿಯಲ್ಲಿರುವ ಗೆಳೆಯನೊಬ್ಬ ಏಪ್ರಿಲ್ ಕೊನೆಗೆ ಫೋನ್ ಮಾಡಿದ. ಅವನ ಅತ್ತೆ ಮನೆ ಜಾಂಬೋಟಿ ಮತ್ತು ಆ ಹೊಳೆ ಹುಟ್ಟುವ ಕಣಕುಂಬಿ ನಡುವೆ, ಗುಡ್ಡದ ಮೇಲಿನ ಸಣ್ಣ ಊರಲ್ಲಿ. "ಕಾಜು ಹಣ್ಣಾಗ್ಯಾವ. ಅವ್ವನ್ನ ಕರ್ಕೊಂಡು ಈಗ ಬಾ. ಇನ್ನ ಹದಿನೈದು ದಿನಕ್ಕ ಮುಗದ ಹೋಗತಾವ" ಅಂದ. ಹೊರಟೆವು.

ಬೆಳಗಾವಿಯಿಂದ ಜಾಂಬೋಟಿ ಸುಮಾರು 30 ಕಿಲೋಮೀಟರ್. ಊರು ದಾಟುತ್ತಿದ್ದಂತೆ ಮಣ್ಣು ಕೆಂಪಾಗುತ್ತದೆ, ಆಮೇಲೆ ಕಾಡು ಶುರುವಾಗುತ್ತದೆ. ಎರೆ ಹೊಲ ನೋಡಿದ ಕಣ್ಣಿಗೆ ಅಷ್ಟು ಹಸಿರು ಒಮ್ಮೆಗೇ ಜಾಸ್ತಿ ಆಯಿತು. ದಾರಿಯಲ್ಲಿ ಹಬ್ಬನಹಟ್ಟಿಗೆ ಹೋಗಿ ಹೊಳೆಯೊಳಗಿನ ಮಾರುತಿಗೆ ಕೈ ಮುಗಿದೆವು. ಮಳೆಗಾಲದಲ್ಲಿ ಆ ಗುಡಿಯೇ ನೀರಲ್ಲಿ ಮುಳುಗುತ್ತದೆ. ನಾವು ಹೋದಾಗ ಬಂಡೆಗಳ ನಡುವೆ ನೀರು ಸಣ್ಣಗೆ ಹರಿಯುತ್ತಿತ್ತು. ಅವ್ವ ಬೊಗಸೆಯಲ್ಲಿ ನೀರು ಎತ್ತಿ, "ನಮ್ಮ ಹೊಳಿನ ಐತಿ ಇದು" ಅಂದಳು.

ಊರು ಅಂದರೆ ಇಪ್ಪತ್ತು ಮೂವತ್ತು ಹೆಂಚಿನ ಮನೆ. ಮಧ್ಯಾಹ್ನದ ಹೊತ್ತು, ಎಲ್ಲೂ ಸದ್ದಿಲ್ಲ. ಗೆಳೆಯನ ಅತ್ತೆಯವರನ್ನು ಅಲ್ಲಿ ಎಲ್ಲರೂ ಆಯಿ ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಅವರ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಅವ್ವನಿಗೆ ಎರಡೂ ತಿಳಿದವು. ಊಟ ಆದ ಮೇಲೆ ನಾನು "ಆಯಿ, ತೋಟ ಎಲ್ಲಿದೆ?" ಅಂತ ಕೇಳಿದೆ. ಅವರು ನಕ್ಕು, "ನೀ ಕುಂತದ್ದ ತೋಟದಾಗ ಅಲ್ಲಾ ಬಾಳಾ" ಅಂದರು.

ನಿಜ, ನನಗೆ ಗೊತ್ತೇ ಆಗಿರಲಿಲ್ಲ. ತೋಟ ಅಂದರೆ ಸಾಲು, ಬೇಲಿ, ಹನಿ ನೀರಾವರಿ ಪೈಪು ಅಂತ ತಿಳಿದವನು ನಾನು. ನಮ್ಮದೂ ಮೂರು ಎಕರೆ ದಾಳಿಂಬೆ ಇತ್ತು. ಎರಡು ಬೋರು ಕೊರೆಸಿದ್ದೆವು, ವಾರಕ್ಕೊಮ್ಮೆ ಔಷಧ ಹೊಡೆಯುತ್ತಿದ್ದೆವು. ಆದರೂ ಅಂಗಮಾರಿ ರೋಗ ಬಿಡಲಿಲ್ಲ. ಕಾಯಿಗೆ ಕಪ್ಪು ಚುಕ್ಕೆ ಬಂದು ಸೀಳಿದವು. ಅಪ್ಪ ಇರುವಾಗಲೇ ಗಿಡ ಕಿತ್ತು ಹಾಕಿದೆವು. ಇಲ್ಲಿ ಮನೆ ಹಿಂದೆ ಹಲಸು, ಇಳಿಜಾರಿಗೆ ಕಾಜು, ಹಳ್ಳದ ಬದಿಗೆ ಮುರುಗಲು (ಕೋಕಂ), ನಡುನಡುವೆ ತಾನೇ ಹುಟ್ಟಿದ ಮಾವು. ತೋಟ ಎಲ್ಲಿ ಮುಗಿದು ಕಾಡು ಎಲ್ಲಿ ಶುರುವಾಯಿತು ಅನ್ನುವುದು ನೋಡುವವರಿಗೆ ತಿಳಿಯುವುದಿಲ್ಲ. ಯಾರೂ ನೀರು ಹಾಕುವುದಿಲ್ಲ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದಾದ ಆಮಗಾಂವ ಇದೇ ಖಾನಾಪುರ ತಾಲ್ಲೂಕಿನಲ್ಲಿದೆ. ಮಳೆಗಾಲದ ನೀರನ್ನೇ ಬೇರು ಹಿಡಿದುಕೊಂಡು ಈ ಮರಗಳು ಬೇಸಿಗೆ ದಾಟುತ್ತವೆ.

ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ಆಯಿಯ ಜೊತೆ ಇಳಿಜಾರಿಗೆ ಹೋದೆವು. ಕಾಜುವನ್ನು ಕೀಳುವುದಿಲ್ಲ. ಹಣ್ಣು ಬಲಿತು ತಾನೇ ಬೀಳಬೇಕು, ಆಗಲೇ ಬೀಜ ಗಟ್ಟಿ. ಒಣ ಎಲೆಗಳ ಮೇಲೆ ಕೆಂಪು, ಹಳದಿ ಹಣ್ಣು ಚೆಲ್ಲಿದ್ದವು. ಸುತ್ತ ಹುಳಿ ಬೆರೆತ ಸಿಹಿ ವಾಸನೆ. ಅವ್ವ ಒಂದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. "ಏನ ಹಣ್ಣವಾ ಇದು, ಬೀಜ ಹೊರಗ ಐತಲ್ಲ!" ಅರವತ್ತೆಂಟು ವರ್ಷದ ಅವ್ವ ಗೋಡಂಬಿಯನ್ನು ಪಾಯಸದಲ್ಲಿ ನೋಡಿದ್ದಳು, ಗಿಡದಲ್ಲಿ ಅದೇ ಮೊದಲು.

ನಾವು ಹಣ್ಣು ಅನ್ನುವುದು ಉಬ್ಬಿದ ತೊಟ್ಟು. ಅದರ ತುದಿಗೆ ಜೋತು ಬಿದ್ದ ಬೂದು ಬಣ್ಣದ ಬೀಜವೇ ನಿಜವಾದ ಕಾಯಿ. ಅವ್ವ ಬೀಜವನ್ನು ಹಲ್ಲಿಗೆ ಹಿಡಿಯಲು ಹೋದಾಗ ಆಯಿ ಗಾಬರಿಯಾಗಿ ಕೈ ಹಿಡಿದರು. ಆ ಸಿಪ್ಪೆಯೊಳಗಿನ ಎಣ್ಣೆ ತಾಗಿದರೆ ತುಟಿ, ನಾಲಿಗೆ ಸುಟ್ಟು ಬೊಬ್ಬೆ ಏಳುತ್ತವೆ. ಅದಕ್ಕೇ ಮೊದಲು ಸುಟ್ಟು, ಆಮೇಲೆ ಒಡೆಯುತ್ತಾರೆ. ಬೀಜ ತಿರುವಿ ಬುಟ್ಟಿಗೆ, ಹಣ್ಣು ನಮ್ಮ ಕೈಗೆ. ಕಚ್ಚಿದರೆ ರಸ ಮೊಣಕೈ ತನಕ ಇಳಿಯಿತು. ಮೊದಲು ಸಿಹಿ, ಆಮೇಲೆ ಒಗರು ಗಂಟಲನ್ನು ಹಿಡಿಯುತ್ತದೆ. ಆಯಿ ಸೆರಗಿನ ಗಂಟು ಬಿಚ್ಚಿ ಉಪ್ಪು ಕೊಟ್ಟರು. ಉಪ್ಪು ಹಚ್ಚಿ ತಿಂದರೆ ಒಗರು ಅರ್ಧಕ್ಕರ್ಧ ಕಡಿಮೆ. ನನ್ನ ಬಿಳಿ ಅಂಗಿಯ ಮೇಲೆ ಬಿದ್ದ ಆ ರಸದ ಕಲೆ ಇವತ್ತಿಗೂ ಹೋಗಿಲ್ಲ.

ಈ ಮರ ನಮ್ಮ ನೆಲದ್ದಲ್ಲ. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ಗೋವಾ ಕಡೆಗೆ ತಂದದ್ದು. ಕಣಕುಂಬಿ ದಾಟಿ ಚೋರ್ಲಾ ಘಾಟು ಇಳಿದರೆ ಗೋವಾವೇ. ಅಲ್ಲಿ ಈ ಹಣ್ಣಿನ ರಸದಿಂದ ಫೆನಿ ಅನ್ನುವ ಸಾರಾಯಿ ಮಾಡುತ್ತಾರೆ. ಆಯಿಯ ಮನೆಯಲ್ಲಿ ಬೀಜ ಮಾತ್ರ ಮಾರಾಟಕ್ಕೆ. ಹಣ್ಣನ್ನು ಮಕ್ಕಳು ತಿನ್ನುತ್ತಾರೆ, ದನ ತಿನ್ನುತ್ತವೆ, ಉಳಿದದ್ದು ಮಣ್ಣಿಗೆ. ಪೇಟೆಗೆ ಕಳಿಸೋಣ ಅಂದರೆ ಬಿದ್ದ ಹಣ್ಣು ಒಂದು ದಿನ ತಡೆಯುವುದಿಲ್ಲ. ಕಿತ್ತಳೆಗಿಂತ ಎಷ್ಟೋ ಪಟ್ಟು ಸಿ ವಿಟಮಿನ್ ಇರುವ ಹಣ್ಣು ಹೀಗೆ ಮರದ ಬುಡದಲ್ಲೇ ಕರಗಿ ಹೋಗುವುದನ್ನು ನೋಡಿ ನನಗೆ ಸಂಕಟವಾಯಿತು. ಆಯಿಗೆ ಹಾಗೆ ಅನಿಸಿದಂತಿರಲಿಲ್ಲ. "ಮರಾನೂ ಉಣಬೇಕಲ್ಲಾ" ಅಂದರು, ಅಷ್ಟೇ.

ಮಧ್ಯಾಹ್ನ ಅಂಗಳದಲ್ಲಿ ಮುರುಗಲು ಹಣ್ಣು ಬಿಡಿಸುತ್ತಾ ಇಬ್ಬರು ಹೆಂಗಸರೂ ಮಾತಿಗೆ ಕುಳಿತರು. ಸಿಪ್ಪೆ ಒಣಗಲು ಹಾಕಿದರು, ಕೈಯೆಲ್ಲ ಕೆಂಪು. ಆಯಿ ಹಲಸಿನಲ್ಲಿ ಗಟ್ಟಿ ತೊಳೆಯ ಕಾಪಾ, ಮೆತ್ತನೆಯ ಬರಕಾ ಅಂತ ಎರಡು ಜಾತಿ ಹೇಳಿದರು. ಅವ್ವ ನಮ್ಮ ಹಳೆ ದಾಳಿಂಬೆ ಗಿಡಗಳ ಸುದ್ದಿ ಹೇಳಿದಳು. ಅವನ್ನು ಕಿತ್ತ ಮೇಲೆ ಅವಳ ಬಾಯಲ್ಲಿ ಆ ಮಾತು ಬಂದದ್ದು ನಾನು ಕೇಳಿರಲೇ ಇಲ್ಲ. ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ತಂದ ಪಕ್ಕದ ಮನೆ ಹುಡುಗ ಇಬ್ಬರ ನಡುವೆ ದೊನ್ನೆ ಇಟ್ಟು ಓಡಿ ಹೋದ.

ಸಂಜೆ ಕಣಕುಂಬಿಗೆ ಹೋದೆವು. ಹೊಳೆ ಹುಟ್ಟುವುದು 792 ಮೀಟರ್ ಎತ್ತರದಲ್ಲಿ. ಅಲ್ಲಿಂದ 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಗುಡಿಯ ಹತ್ತಿರದ ನೀರಿನ ಮುಂದೆ ಅವ್ವ ಬಹಳ ಹೊತ್ತು ಸುಮ್ನೆ ಕುಳಿತಳು. ಆಮೇಲೆ ಅರಿಶಿನ ಕುಂಕುಮ ಏರಿಸಿ ಎದ್ದಳು.

ಹೊರಡುವಾಗ ಆಯಿ ಒಂದು ಚೀಲ ಕಾಜು ಹಣ್ಣು ಕೊಟ್ಟು, "ರಾತ್ರಿ ಮಾಡಬ್ಯಾಡ್ರಿ, ದಾರ್ಯಾಗ ತಿಂದಬಿಡ್ರಿ" ಅಂದರು. ಅವ್ವ ಕೇಳಲಿಲ್ಲ, ಓಣಿಯವರಿಗೆ ತೋರಿಸಬೇಕು ಅಂದಳು. ಬೆಳಗಾವಿ ಬಿಟ್ಟು ಬಾಗಲಕೋಟೆ ಬಸ್ಸಿನಲ್ಲಿ ಕುಳಿತು ಯರಗಟ್ಟಿ ಬರುವಷ್ಟರಲ್ಲಿ ಚೀಲ ಸೋರತೊಡಗಿತು. ಅವ್ವ ಕೊನೆಗೂ ಚೀಲ ಬಿಚ್ಚಿ, ಅಕ್ಕಪಕ್ಕದ ಸೀಟಿನವರಿಗೆಲ್ಲ ಒಂದೊಂದು ಹಂಚಿದಳು. "ಕಾಜು ಹಣ್ಣು, ಉಪ್ಪು ಹಚ್ಚಕೊಂಡು ತಿನ್ರಿ." ಮುಂದಿನ ಸೀಟಿನ ಪುಟ್ಟ ಹುಡುಗಿ ಹಣ್ಣನ್ನು ತಿರುಗಿಸಿ ನೋಡಿ, "ಅಮ್ಮಾ, ಇದರ ಬೀಜ ಎಲ್ಲೈತಿ?" ಅಂದಳು. ಅವ್ವ ಅವಳನ್ನು ಕರೆದು ತನ್ನ ಪಕ್ಕ ಕೂರಿಸಿಕೊಂಡು, ಬೆರಳಲ್ಲಿ ಹಣ್ಣಿನ ತುದಿ ತೋರಿಸಿ ಹೇಳತೊಡಗಿದಳು.