ಆಪ್ತರ ಜೊತೆ ಹವಾಮಾನದ ಮಾತು ಎತ್ತುವುದು ಹೇಗೆ?

ಹವಾಮಾನ ಬದಲಾವಣೆಯ ವಿಷಯವನ್ನು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಎತ್ತಬೇಡಿ. ಹತ್ತು ಜನ ನೋಡುತ್ತಿರುವಾಗ ಯಾರೂ ತಮ್ಮ ಪಟ್ಟು ಸಡಿಲಿಸುವುದಿಲ್ಲ. ಒಬ್ಬರೇ ಸಿಕ್ಕಾಗ, ನಡೆಯುತ್ತಲೋ ತರಕಾರಿ ಹೆಚ್ಚುತ್ತಲೋ, ಹದಿನೈದು ನಿಮಿಷ ಮಾತಾಡಿದರೆ ಸಾಕು.

ಮೊದಲು ಕೇಳಿ. "ಅಜ್ಜಿ, ನೀವು ಚಿಕ್ಕವರಿದ್ದಾಗಲೂ ಬೇಸಿಗೆ ಹೀಗೇ ಇತ್ತಾ?" ಎಂದು ಕೇಳಿ ಸುಮ್ಮನಿರಿ. ಒಬ್ಬರ ನೆನಪು ವಿಜ್ಞಾನದ ಪುರಾವೆಯಲ್ಲ, ಹಾಗೆ ಬಳಸಲೂಬಾರದು. ಆದರೆ ಅವರನ್ನು ಕಾಡುವುದು ಯಾವುದು ಎಂಬುದು ಆ ಉತ್ತರದಲ್ಲೇ ಸಿಗುತ್ತದೆ: ಕುಡಿಯುವ ನೀರೋ, ಮೊಮ್ಮಕ್ಕಳ ಕೆಮ್ಮೋ, ಕರೆಂಟ್ ಬಿಲ್ಲೋ. ಮುಂದಿನ ಮಾತು ಅಲ್ಲಿಂದಲೇ ಹೊರಡಲಿ.

"ಹವಾಮಾನ ಯಾವತ್ತೂ ಬದಲಾಗುತ್ತಲೇ ಇತ್ತಲ್ಲ?" ಎಂಬ ಮಾತು ಬಂದೇ ಬರುತ್ತದೆ. ತಳ್ಳಿಹಾಕಬೇಡಿ, ಅದು ನಿಜ. "ಹೌದು, ಈ ಸಲ ಯಾಕೆ ಅಂತ ನೋಡೋಣ" ಎನ್ನಿ. ಕೈಗಾರಿಕೀಕರಣಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280, ಭೂಮಿಯ ಶಾಖ ಹಿಡಿದಿಡುವ ಕಾರ್ಬನ್ ಡೈಆಕ್ಸೈಡ್‌ನವು. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯತೊಡಗಿದಾಗ ಸುಮಾರು 315 ಇದ್ದದ್ದು ಈಗ 420 ದಾಟಿದೆ. ಎಲ್ಲಿಂದ ಬಂತು ಎಂಬುದಕ್ಕೂ ಗುರುತಿದೆ. ಕಲ್ಲಿದ್ದಲು, ಪೆಟ್ರೋಲಿಯಂ ಕೋಟ್ಯಂತರ ವರ್ಷ ನೆಲದಡಿ ಇದ್ದುದರಿಂದ ಅವುಗಳಲ್ಲಿ ಕಾರ್ಬನ್-14, ಅಂದರೆ ಕಾಲ ಕಳೆದಂತೆ ತಾನೇ ಕ್ಷಯಿಸುವ ಬಗೆಯ ಕಾರ್ಬನ್, ಉಳಿದಿಲ್ಲ. ಅವನ್ನು ಉರಿಸಿದಷ್ಟೂ ಗಾಳಿಯಲ್ಲಿ ಅದರ ಪಾಲು ತಗ್ಗುತ್ತದೆ. ಸೂರ್ಯನೇ ಕಾರಣವಾಗಿದ್ದರೆ ನಾವಿರುವ ಗಾಳಿಯ ಪದರದ ಮೇಲಿನ ಪದರವಾದ ಸ್ತರಗೋಳವೂ ಬಿಸಿಯಾಗಬೇಕಿತ್ತು, ಅದು ತಣ್ಣಗಾಗುತ್ತಿದೆ. ಇವುಗಳಲ್ಲಿ ಒಂದನ್ನು ಮಾತ್ರ ಹೇಳಿ. ಎಲ್ಲವನ್ನೂ ಸುರಿದರೆ ಕೇಳುವವರಿಗೆ ಪಾಠ ಒಪ್ಪಿಸಿದಂತಾಗುತ್ತದೆ.

"ನೀವೇ ಕಾರು ಬಳಸೋದು ಬಿಡಲ್ಲವಲ್ಲ" ಎಂದು ಮಾತ್ರ ಅನ್ನಬೇಡಿ. ಅಲ್ಲಿಂದಾಚೆ ಅವರು ಕಾರಿನ ಪರ ವಾದಿಸುತ್ತಾರೆ, ಹವಾಮಾನದ ಮಾತು ಅಲ್ಲಿಗೇ ನಿಲ್ಲುತ್ತದೆ.

ಏಳುವ ಮುನ್ನ ಒಂದು ಕೆಲಸ ಕೇಳಲೇಬೇಕು. "ಏನಾದರೂ ಮಾಡೋಣ" ಎಂದರೆ ಏನೂ ಆಗುವುದಿಲ್ಲ. "ನಮ್ಮ ದಾರಿಗೆ ಬೆಳಿಗ್ಗೆ ಇನ್ನೆರಡು ಬಸ್ಸು ಬಿಡಿ ಅಂತ ಶನಿವಾರ ಪತ್ರ ಕೊಡ್ತಿದ್ದೀವಿ, ಬರ್ತೀಯಾ?" ಎಂದರೆ ಹೂಂ ಅಥವಾ ಊಹೂಂ ಸಿಗುತ್ತದೆ. ಪತ್ರ ಒಂದೇ ಪುಟ, ಬೇಡಿಕೆ ಒಂದೇ: ಯಾವ ಮಾರ್ಗ, ಯಾವ ಹೊತ್ತು, ಎಷ್ಟು ದಿನದೊಳಗೆ ಉತ್ತರ. ಎರಡು ಬೇಡಿಕೆ ಇಟ್ಟರೆ ಸುಲಭದ್ದಕ್ಕಷ್ಟೇ ಉತ್ತರ ಕೊಟ್ಟು ಸುಮ್ಮನಾಗಲು ದಾರಿಯಾಗುತ್ತದೆ.

ಊಹೂಂ ಅಂದವರನ್ನು ಒತ್ತಾಯಿಸಬೇಡಿ. ಮುಂದಿನ ತಿಂಗಳು ಬರೀ ಒಂದು ಸಹಿ ಕೇಳಿ. ಬಂದವರಿಗೆ ವಾರದೊಳಗೆ ಫೋನ್ ಮಾಡಿ, ಪತ್ರ ಯಾರ ಮೇಜಿನ ಮೇಲಿದೆ ಎಂದು ತಿಳಿಸಿ. ಉತ್ತರ ಬಂದಿಲ್ಲವಾದರೂ ತಿಳಿಸಿ.